ಕಲೆ ತೆಗೆಯುವ ಕಲೆ

ಕನ್ನಡದಲ್ಲಿ ‘ಕಲೆ’ ಎಂಬ ಶಬ್ದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅರ್ಥಗಳುಂಟು. ಸಂಸ್ಕೃತದ ‘ಕಲಾ’ ಶಬ್ದದಿಂದ ಬಂದ ಕಲೆ ಸಂಗೀತ, ಚಿತ್ರ, ಶಿಲ್ಪ ಮೊದಲಾದುವನ್ನು ಸೂಚಿಸುತ್ತದೆ. ಅಚ್ಚಗನ್ನಡದ ಕಲೆಯಾದರೋ ಬಟ್ಟೆಯ ಮೇಲೆ, ಮೈಯ ಮೇಲೆ, ಗೋಡೆಯ ಮೇಲೆ ಉಳಿದುಕೊಳ್ಳುವ ಗುರುತು. ಮೊದಲನೆಯದನ್ನು ಸಂಪಾದಿಸಲು ಜನರು ವರ್ಷಗಟ್ಟಲೆ ಶ್ರಮಿಸುತ್ತಾರೆ. ಎರಡನೆಯದು ಬೇಡವೆಂದರೂ ಕ್ಷಣಮಾತ್ರದಲ್ಲಿ ಬಂದು ಕೂಡುತ್ತದೆ. ಹಾಗೆ ಬಂದುದನ್ನು ಬಟ್ಟೆಗೆ ಕೇಡಾಗದಂತೆ ಕಳೆಯುವುದಕ್ಕೆ ತಿಳಿವಳಿಕೆ, ತಾಳ್ಮೆ, ಕೈಚಳಕ ಮೂರೂ ಬೇಕು. ಆದುದರಿಂದ ಕಲೆ ತೆಗೆಯುವುದೂ ಒಂದು ಕಲೆಯೇ ಸರಿ.

ಇದು ಅಲ್ಪವಾದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಒಂದೇ ಜೊತೆ ಸಮವಸ್ತ್ರವಿರುವ ವಿದ್ಯಾರ್ಥಿಗೆ ಅದರ ಮೇಲೆ ಬಿದ್ದ ಶಾಯಿಯ ಕಲೆ ವರ್ಷವಿಡೀ ಸಂಗಾತಿಯಾಗುತ್ತದೆ. ಮಗಳ ಮದುವೆಗೆಂದು ಕಷ್ಟಪಟ್ಟು ಕೊಂಡ ರೇಷ್ಮೆಸೀರೆಯ ಮೇಲೆ ಒಂದು ಹನಿ ಸಾರು ಬಿದ್ದರೆ ಮನೆಯವರ ಮುಖ ಬಾಡುತ್ತದೆ. ಗಾಬರಿಯಲ್ಲಿ ಯಾರೋ ಒಬ್ಬರು ಬಿಸಿನೀರು ತರುತ್ತಾರೆ, ಇನ್ನೊಬ್ಬರು ಸಾಬೂನು ತಿಕ್ಕುತ್ತಾರೆ, ಮತ್ತೊಬ್ಬರು ಚಲುವೆ ಪುಡಿ ಉದುರಿಸುತ್ತಾರೆ. ಕೊನೆಗೆ ಹನಿಯಷ್ಟಿದ್ದ ಕಲೆ ಅಂಗೈಯಗಲವಾಗಿ, ಸೀರೆ ಪೆಟ್ಟಿಗೆಯ ತಳ ಸೇರುತ್ತದೆ. ಆ ಸೀರೆಯನ್ನು ಕೆಡಿಸಿದ್ದು ಸಾರಲ್ಲ, ಅರಿಯದೆ ಮಾಡಿದ ಉಪಚಾರ. ಬಟ್ಟೆ ದುಡಿಮೆಯ ಫಲ. ಅದನ್ನು ಕಾಪಾಡಿಕೊಳ್ಳುವುದು ದುಡಿದವರಿಗೆ ತೋರುವ ಗೌರವ.

ಕೊಳೆಗೂ ಕಲೆಗೂ ವ್ಯತ್ಯಾಸವಿದೆ. ಧೂಳು, ಮಣ್ಣು, ಬೆವರು, ಮೈಯ ಜಿಡ್ಡು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡರೆ ಅದು ಕೊಳೆ. ಬಣ್ಣವುಳ್ಳ ಯಾವುದಾದರೂ ವಸ್ತು ಎಳೆಯೊಳಕ್ಕೆ ಇಳಿದು ಅದನ್ನು ಹಿಡಿದುಕೊಂಡರೆ ಅದು ಕಲೆ. ಕೊಳೆಯನ್ನು ಕಳೆಯಲು ನೀರು, ಸಾಬೂನುಗಳೇ ಸಾಕು. ಸಾಬೂನಿನ ಅಣುವಿನ ಒಂದು ತುದಿಗೆ ನೀರಿನ ಮೇಲೆ ಒಲವು, ಇನ್ನೊಂದು ತುದಿಗೆ ಎಣ್ಣೆಯ ಮೇಲೆ ಒಲವು. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಬಟ್ಟೆಯನ್ನು ಜಾಲಿಸಿದಾಗ ಜಿಡ್ಡು ನೀರಿನೊಡನೆ ಹೊರಟುಹೋಗುತ್ತದೆ. ಕಲೆ ಹೀಗೆ ಸುಲಭವಾಗಿ ಹೊರಡುವುದಿಲ್ಲ. ಅದನ್ನು ಕರಗಿಸಬೇಕು, ಹೀರಿ ತೆಗೆಯಬೇಕು, ಇಲ್ಲವೆ ಅದರ ಬಣ್ಣವನ್ನು ರಾಸಾಯನಿಕವಾಗಿ ನಾಶಮಾಡಬೇಕು. ಕಲೆ ತೆಗೆಯುವ ಎಲ್ಲ ವಿಧಾನಗಳೂ ಈ ಮೂರರಲ್ಲಿ ಅಡಕವಾಗಿವೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ‘ಮಡಿ’ ಎಂದರೆ ಒಗೆದು ಶುಭ್ರಮಾಡಿದ ಬಟ್ಟೆ. ಮಡಿ ಮಾಡುವವನು ಮಡಿವಾಳ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಾದ ಮಡಿವಾಳ ಮಾಚಿದೇವನು ಬಟ್ಟೆ ಒಗೆಯುವ ಕಾಯಕವನ್ನೇ ಕೈಗೊಂಡು ಗೌರವಕ್ಕೆ ಪಾತ್ರನಾದನು. ಮಡಿವಾಳರು ಅಂಟುವಾಳದ ಕಾಯಿಯ ನೊರೆಯನ್ನೂ ಚೌಳುಮಣ್ಣಿನ ಕ್ಷಾರವನ್ನೂ ಬಳಸುತ್ತಿದ್ದರು. ಬಟ್ಟೆಯನ್ನು ಉಬ್ಬೆಗೆ ಹಾಕಿ, ಆವಿಯಲ್ಲಿ ಬೇಯಿಸಿ, ಕಲ್ಲಿಗೆ ಒಗೆದು, ಹೊಳೆಯ ದಂಡೆಯಲ್ಲಿ ಬಿಸಿಲಿಗೆ ಹರವುತ್ತಿದ್ದರು. ಯಾವ ಬಟ್ಟೆಗೆ ಉಬ್ಬೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬುದು ಅವರಿಗೆ ಮುಟ್ಟಿ ನೋಡಿದ ಮಾತ್ರದಿಂದಲೇ ತಿಳಿಯುತ್ತಿತ್ತು. ಯೂರೋಪಿನಲ್ಲಿಯೂ ಬಟ್ಟೆಯನ್ನು ಬಿಳಿಮಾಡಲು ಹುಲ್ಲುಗಾವಲಿನ ಮೇಲೆ ಹಾಸಿ ತಿಂಗಳುಗಟ್ಟಲೆ ಬಿಸಿಲಿಗೆ ಒಡ್ಡುವ ಪದ್ಧತಿಯಿತ್ತು. 1774ರಲ್ಲಿ ಸ್ವೀಡನ್ನಿನ ಷೀಲೆ ಎಂಬ ವಿಜ್ಞಾನಿ ಕ್ಲೋರಿನ್ ಅನಿಲವನ್ನು ತಯಾರಿಸಿದನು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಎಂಬಾತ ಸುಣ್ಣದೊಡನೆ ಆ ಅನಿಲವನ್ನು ಸೇರಿಸಿ ಚಲುವೆ ಪುಡಿಯನ್ನು ತಯಾರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ತಿಂಗಳುಗಳ ಕೆಲಸ ಅಂದಿನಿಂದ ಗಂಟೆಗಳಿಗೆ ಇಳಿಯಿತು. ಅದರೊಡನೆ, ಸ್ವಲ್ಪ ಎಚ್ಚರ ತಪ್ಪಿದರೂ ಬಟ್ಟೆ ಹಾಳಾಗುವ ಅಪಾಯವೂ ಬಂದಿತು.

ಕಲೆಯನ್ನು ತಿಳಿಯುವುದಕ್ಕೆ ಮೊದಲು ಬಟ್ಟೆಯನ್ನು ತಿಳಿಯಬೇಕು. ಹತ್ತಿಯ ನೂಲು ಗಿಡದಿಂದ ಬಂದುದು. ಅದು ಸೆಲ್ಯುಲೋಸ್ ಎಂಬ ವಸ್ತುವಿನಿಂದಾಗಿದೆ. ಸಾಬೂನು, ಸೋಡಾಗಳಂಥ ಕ್ಷಾರವಸ್ತುಗಳನ್ನು ಅದು ತಾಳಿಕೊಳ್ಳುತ್ತದೆ. ತೀಕ್ಷ್ಣವಾದ ಆಮ್ಲವನ್ನು ತಾಳದು. ರೇಷ್ಮೆ ಹುಳುವಿನಿಂದ, ಉಣ್ಣೆ ಕುರಿಯಿಂದ ಬಂದುವು, ಇವೆರಡೂ ಪ್ರೋಟೀನಿನಿಂದಾದುವು. ಇವಕ್ಕೆ ಪ್ರಬಲವಾದ ಕ್ಷಾರವೇ ಶತ್ರು. ಚಲುವೆ ಪುಡಿಯಂತೂ ರೇಷ್ಮೆಯನ್ನೂ ಉಣ್ಣೆಯನ್ನೂ ಹಳದಿಗೊಳಿಸಿ ಎಳೆಗಳನ್ನೇ ತಿಂದುಹಾಕುತ್ತದೆ. 1912ರಲ್ಲಿ ಮೈಸೂರಿನಲ್ಲಿ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಮೈಸೂರು ರೇಷ್ಮೆಯ ಹೆಸರು ದೂರದೂರಕ್ಕೆ ಹಬ್ಬಿದೆ. ಅಂಥ ಸೀರೆಯ ಮೇಲೆ ದೊಡ್ಡ ಕಲೆ ಬಿದ್ದರೆ ಮನೆಯಲ್ಲಿ ಪ್ರಯೋಗ ಮಾಡುವುದಕ್ಕಿಂತ ನುರಿತವರ ಕೈಗೆ ಒಪ್ಪಿಸುವುದು ಲೇಸು. ಪಾಲಿಯೆಸ್ಟರ್, ನೈಲಾನ್ ಮೊದಲಾದ ಕೃತಕ ನೂಲುಗಳು ಬಹಳ ಶಾಖವನ್ನು ಸಹಿಸಲಾರವು. ಅವಕ್ಕೆ ಎಣ್ಣೆಯ ಕಲೆ ಬೇಗ ಅಂಟಿಕೊಳ್ಳುತ್ತದೆ.

ಯಾವ ಕಲೆಗಾದರೂ ಅನ್ವಯಿಸುವ ಕೆಲವು ಸಾಮಾನ್ಯ ನಿಯಮಗಳಿವೆ. ಮೊದಲನೆಯದು, ಕಾಲವಿಳಂಬ ಮಾಡದಿರುವುದು. ಹಸಿಯಾಗಿರುವ ಕಲೆ ಅತಿಥಿ. ಒಣಗಿದ ಕಲೆ ಒಕ್ಕಲು. ಎರಡನೆಯದು, ಉಜ್ಜದಿರುವುದು. ಉಜ್ಜಿದರೆ ಕಲೆ ಹರಡುತ್ತದೆ, ಎಳೆ ಸವೆಯುತ್ತದೆ. ಬಿಳಿಯ ಹಳೆಬಟ್ಟೆಯಿಂದ ಮೆಲ್ಲನೆ ಒತ್ತಿ ಹೀರಿಸಬೇಕು. ಅಂಚಿನಿಂದ ನಡುವಿನ ಕಡೆಗೆ ಸಾಗಬೇಕು. ಮೂರನೆಯದು, ಕಲೆಯ ಹಿಂಬದಿಯಿಂದ ನೀರು ಹಾಯಿಸುವುದು. ಬಂದ ದಾರಿಯಲ್ಲಿಯೇ ಅದನ್ನು ಹೊರಗೆ ಕಳುಹಿಸಬೇಕಲ್ಲದೆ ಇನ್ನೂ ಒಳಕ್ಕೆ ತಳ್ಳಬಾರದು. ನಾಲ್ಕನೆಯದು, ಯಾವ ದ್ರವ್ಯವನ್ನೇ ಬಳಸಲಿ, ಅದನ್ನು ಮೊದಲು ಬಟ್ಟೆಯ ಒಳಮಡಿಕೆಯಲ್ಲಿ ಕಣ್ಣಿಗೆ ಬೀಳದ ಕಡೆ ಹಚ್ಚಿ ಪರೀಕ್ಷಿಸುವುದು. ಐದನೆಯದು, ಸೌಮ್ಯವಾದ ಉಪಾಯದಿಂದ ಆರಂಭಿಸುವುದು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕೊನೆಯದಾಗಿ, ಕಲೆ ಪೂರ್ತಿಯಾಗಿ ಹೋಗುವವರೆಗೂ ಆ ಬಟ್ಟೆಗೆ ಇಸ್ತ್ರಿ ಹಾಕಬಾರದು. ಶಾಖ ತಗುಲಿದರೆ ಕಲೆ ನೆಲೆಯೂರಿಬಿಡುತ್ತದೆ.

ಇನ್ನು ಕಲೆಗಳನ್ನು ಒಂದೊಂದಾಗಿ ನೋಡಬಹುದು. ರಕ್ತ, ಹಾಲು, ಮೊಟ್ಟೆ ಇವು ಪ್ರೋಟೀನಿನಿಂದ ಕೂಡಿದ ಕಲೆಗಳು. ಬೇಯಿಸಿದ ಮೊಟ್ಟೆ ಗಟ್ಟಿಯಾಗುವಂತೆ ಬಿಸಿನೀರು ತಗುಲಿದೊಡನೆ ಇವು ಬಟ್ಟೆಯಲ್ಲಿಯೇ ಹೆಪ್ಪುಗಟ್ಟುತ್ತವೆ. ಆದಕಾರಣ ಇಂಥ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ, ಅನಂತರ ಸಾಬೂನು ಹಚ್ಚಿ ಒಗೆಯಬೇಕು. ತಣ್ಣೀರಿಗೆ ಸ್ವಲ್ಪ ಉಪ್ಪು ಬೆರೆಸಿದರೆ ರಕ್ತದ ಕಲೆ ಸಡಿಲವಾಗಲು ಸಹಾಯವಾಗುತ್ತದೆ. ಬಿಳಿಯ ಹತ್ತಿಬಟ್ಟೆಯ ಮೇಲಿನ ಹಳೆಯ ರಕ್ತದ ಕಲೆಗೆ ಔಷಧದ ಅಂಗಡಿಯಲ್ಲಿ ದೊರೆಯುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಹಚ್ಚಬಹುದು. ಮುಟ್ಟಿನ ದಿನಗಳಲ್ಲಿ ಬಳಸುವ ಬಟ್ಟೆಗೂ ಈ ನಿಯಮವೇ ಅನ್ವಯಿಸುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ನಾಚಿಕೆಯಿಂದ ಆ ಬಟ್ಟೆಯನ್ನು ಕತ್ತಲೆಯ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸುತ್ತಾರೆ. ಅರೆಬರೆ ಒಣಗಿದ ಬಟ್ಟೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ತಣ್ಣೀರಿನಲ್ಲಿ ನೆನೆಸಿ, ಸಾಬೂನಿನಿಂದ ಚೆನ್ನಾಗಿ ಒಗೆದು, ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸುವುದೇ ಆರೋಗ್ಯಕರವಾದ ಕ್ರಮ. ದೇಹದ ಸಹಜಧರ್ಮದಿಂದಾದ ಕಲೆಯಲ್ಲಿ ಅವಮಾನವೇನೂ ಇಲ್ಲ. ಅದನ್ನು ಕಂಡು ನಗುವವರ ಮನಸ್ಸಿನಲ್ಲಿಯೇ ಕೊಳೆಯಿದೆ.

ಕಾಫಿ, ಚಹಾ, ಹಣ್ಣಿನ ರಸ, ಎಲೆಯಡಿಕೆ ಇವುಗಳ ಕಲೆಗೆ ಮುಖ್ಯ ಕಾರಣ ಸಸ್ಯಗಳಲ್ಲಿರುವ ಟ್ಯಾನಿನ್ ಮತ್ತು ಇತರ ವರ್ಣದ್ರವ್ಯಗಳು. ಬಾಯಿಗೆ ಒಗರು ಕೊಡುವ ವಸ್ತುವೇ ಟ್ಯಾನಿನ್. ಇಂಥ ಕಲೆಯ ಮೇಲೆ ಮೊದಲಿಗೇ ಸಾಬೂನಿನ ಬಿಲ್ಲೆಯನ್ನು ತಿಕ್ಕಿದರೆ ಕಲೆ ಇನ್ನಷ್ಟು ಕಂದಾಗಿ ನಿಲ್ಲುವುದುಂಟು. ತಣ್ಣೀರು ಹಾಯಿಸಿ, ಆಮೇಲೆ ಮಾರ್ಜಕದ ಪುಡಿ ಕದಡಿದ ನೀರಿನಲ್ಲಿ ನೆನೆಸುವುದು ಉತ್ತಮ. ಹಾಲು ಬೆರೆಸಿದ ಕಾಫಿಯಲ್ಲಿ ಟ್ಯಾನಿನ್ ಜೊತೆಗೆ ಪ್ರೋಟೀನ್, ಕೊಬ್ಬುಗಳೂ ಇರುವುದರಿಂದ ಅಲ್ಲಿಯೂ ತಣ್ಣೀರೇ ಮೊದಲು. ಟ್ಯಾನಿನ್ನಿಗೆ ಕಬ್ಬಿಣದ ಸಂಪರ್ಕವಾದರೆ ಕಪ್ಪುಬಣ್ಣ ಹುಟ್ಟುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಅಂಶ ಸೇರಿಸಿ ಹಿಂದಿನವರು ಮಸಿ ತಯಾರಿಸುತ್ತಿದ್ದುದು ಈ ತತ್ತ್ವದಿಂದಲೇ. ಕಾಫಿಯ ಕಲೆಯಾದ ಬಟ್ಟೆಯನ್ನು ತುಕ್ಕುಹಿಡಿದ ಬಕೆಟ್ಟಿನಲ್ಲಿ ನೆನೆಸಿದವರು ಕಲೆ ತೆಗೆಯುವ ಬದಲು ಮಸಿ ತಯಾರಿಸಿದಂತಾಗುತ್ತದೆ.

ಮಲೆನಾಡಿನಲ್ಲಿ ಅಡಿಕೆ ಸುಲಿಯುವವರ ಬಟ್ಟೆಗೂ ಬಾಳೆಗೊನೆ ಕಡಿಯುವವರ ಬಟ್ಟೆಗೂ ಹತ್ತುವ ಕರೆ ಇದೇ ಜಾತಿಯದು. ಬಾಳೆಯ ರಸ ಮೊದಲು ನೀರಿನಂತೆ ಕಾಣುತ್ತದೆ. ಗಾಳಿ ತಗುಲಿದಂತೆ ಕಂದಾಗಿ ಎಳೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಒಣಗಿದ ಬಾಳೆಕರೆಗೆ ಮದ್ದು ದುರ್ಲಭ. ಆದುದರಿಂದಲೇ ತೋಟದ ಕೆಲಸಕ್ಕೆಂದು ಹಳೆಯ ಬಟ್ಟೆಯನ್ನು ಬೇರೆಯಾಗಿ ಇಡುವ ವಾಡಿಕೆ ಬಂದಿದೆ. ಕಲೆಯಾಗದಂತೆ ನೋಡಿಕೊಳ್ಳುವುದು ಎಲ್ಲ ಉಪಾಯಗಳಿಗಿಂತ ಮಿಗಿಲಾದ ಉಪಾಯವಲ್ಲವೇ? ಹಲಸಿನ ಮೇಣದ ವಿಷಯ ಬೇರೆ. ಅದು ನೀರಿಗೆ ಜಗ್ಗುವುದಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಣ್ಣು ಬಿಡಿಸುವ ಹೆಂಗಸರು ಅದರ ಗುಟ್ಟನ್ನು ಬಲ್ಲರು. ಬಟ್ಟೆಗೆ ಅಂಟಿದ ಮೇಣಕ್ಕೂ ಮೊದಲು ಎಣ್ಣೆ ಸವರಿ, ಅದು ಸಡಿಲವಾದ ಮೇಲೆ ಸಾಬೂನಿನಿಂದ ಆ ಎಣ್ಣೆಯನ್ನು ತೊಳೆಯಬೇಕು.

ಅಡಿಗೆಮನೆಯ ಕಲೆಗಳಲ್ಲಿ ಅರಿಶಿನದ್ದು ಪ್ರಸಿದ್ಧವಾದುದು. ಹೊಸ ಬಟ್ಟೆ ಉಡುವ ಮುನ್ನ ಅದರ ಮೂಲೆಗೆ ಅರಿಶಿನ ಹಚ್ಚುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಮಂಗಳಕರವಾದ ಅರಿಶಿನ ಅಂಗಿಯ ಎದೆಯ ಮೇಲೆ ಬಿದ್ದರೆ ಚಿಂತೆಗೆ ಕಾರಣ! ಅರಿಶಿನದ ಕಲೆಗೆ ಸಾಬೂನು ತಾಗಿದೊಡನೆ ಅದು ಕೆಂಪಾಗುವುದನ್ನು ಕಂಡು ಅನೇಕರು ಬೆದರುತ್ತಾರೆ. ಆರತಿಯ ನೀರಿಗೆ ಅರಿಶಿನ, ಸುಣ್ಣ ಬೆರೆಸಿದಾಗ ಕೆಂಪಾಗುವುದೂ ಇದೇ ಕ್ರಿಯೆಯಿಂದ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕ್ಷಾರದಲ್ಲಿ ಕೆಂಪಾಗುತ್ತದೆ. ನಿಂಬೆರಸದಂಥ ಆಮ್ಲ ಸೋಕಿದರೆ ಮರಳಿ ಹಳದಿಯಾಗುತ್ತದೆ. ಆದರೆ ಅದಕ್ಕೆ ಬೆಳಕನ್ನು ತಾಳುವ ಶಕ್ತಿಯಿಲ್ಲ. ಸಾರು, ಹುಳಿಗಳ ಕಲೆಯಲ್ಲಿರುವ ಎಣ್ಣೆಯನ್ನು ಸಾಬೂನಿನಿಂದ ತೆಗೆದು, ಒದ್ದೆ ಬಟ್ಟೆಯನ್ನು ಬಿಸಿಲಿಗೆ ಒಡ್ಡಿದರೆ ಹಳದಿ ದಿನದಿನಕ್ಕೂ ಮಾಸುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ಸೂರ್ಯನೇ ಉಳಿದ ಕೆಲಸವನ್ನು ಪೂರೈಸುತ್ತಾನೆ. ಎಣ್ಣೆ, ತುಪ್ಪಗಳು ಮಾತ್ರ ಚೆಲ್ಲಿದ್ದರೆ ಸೀಮೆಸುಣ್ಣದ ಪುಡಿ ಅಥವಾ ಕಡಲೆಹಿಟ್ಟನ್ನು ಉದುರಿಸಿ, ಅದು ಜಿಡ್ಡನ್ನು ಹೀರಿಕೊಂಡ ಮೇಲೆ ಕೊಡವಿ, ಬಟ್ಟೆ ತಾಳುವಷ್ಟು ಬೆಚ್ಚಗಿನ ಸಾಬೂನು ನೀರಿನಲ್ಲಿ ಒಗೆಯಬೇಕು. ಮೇಣದಬತ್ತಿಯ ಹನಿಯನ್ನು ಗಟ್ಟಿಯಾಗಲು ಬಿಟ್ಟು ಕೆರೆದು, ಮೇಲೂ ಕೆಳಗೂ ಹೀರುಕಾಗದವಿಟ್ಟು ಹದವಾದ ಇಸ್ತ್ರಿಪೆಟ್ಟಿಗೆಯನ್ನು ಆಡಿಸಿದರೆ ಕರಗಿದ ಮೇಣ ಕಾಗದವನ್ನು ಸೇರುತ್ತದೆ.

ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಒಳ್ಳೆಯ ಮದ್ದು. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಕಬ್ಬಿಣದ ಅಂಶವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಬಿಳಿಯ ಹತ್ತಿಬಟ್ಟೆಗೆ ಇವೆರಡನ್ನೂ ಹಚ್ಚಿ, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇರಿಸಿ, ಚೆನ್ನಾಗಿ ಜಾಲಿಸಬೇಕು. ತುಕ್ಕಿಗೆ ಚಲುವೆ ಪುಡಿ ಸಲ್ಲದು. ಅದರಿಂದ ಕಲೆ ಮತ್ತಷ್ಟು ಗಟ್ಟಿಯಾಗುತ್ತದೆ. ಜರಿಯಂಚಿನ ಬಟ್ಟೆಗೆ ನಿಂಬೆರಸ, ಉಪ್ಪು ತಾಗಬಾರದು; ಜರಿಯ ಹೊಳಪು ಕೆಡುತ್ತದೆ. ಶಾಯಿಯಲ್ಲಿ ಹಲವು ಬಗೆಗಳುಂಟು. ತೊಳೆಯಲು ಬರುವಂಥ ಶಾಯಿಯ ಕಲೆ ಹಸಿಯಿರುವಾಗಲೇ ತಣ್ಣೀರಿಗೆ ಬಹುಮಟ್ಟಿಗೆ ಬಿಡುತ್ತದೆ. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂಥದಾದುದರಿಂದ ನೀರಿಗೆ ಬಗ್ಗದು. ಕೆಳಗೆ ಹೀರುಕಾಗದವಿಟ್ಟು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಬೇಕು.

ಎಲ್ಲ ಕಲೆಗಳೂ ತೊಲಗಬೇಕಾದುವೆಂದು ತಿಳಿಯಬಾರದು. ಊರವರ ಬಟ್ಟೆಗಳು ಒಂದಕ್ಕೊಂದು ಬೆರೆಯದಿರಲೆಂದು ಮಡಿವಾಳರು ಕರಿಗೇರಿನ ಕಾಯಿಯ ರಸಕ್ಕೆ ಸುಣ್ಣ ಸೇರಿಸಿ ಪ್ರತಿಯೊಂದಕ್ಕೂ ಗುರುತು ಹಾಕುತ್ತಿದ್ದರು. ಎಷ್ಟು ಸಲ ಒಗೆದರೂ ಆ ಕಪ್ಪು ಗುರುತು ಅಳಿಯುತ್ತಿರಲಿಲ್ಲ. ಎಲ್ಲ ಕಲೆಗಳನ್ನೂ ತೆಗೆಯಬಲ್ಲವರೇ ತೆಗೆಯಲಾಗದ ಕಲೆಯೊಂದನ್ನು ತಮ್ಮ ಲೆಕ್ಕಪತ್ರವನ್ನಾಗಿ ಮಾಡಿಕೊಂಡದ್ದು ಸ್ವಾರಸ್ಯಕರವಾಗಿದೆ. ಇಂಥದೇ ಇನ್ನೊಂದು ಕಲೆ ಮೈಸೂರಿನಲ್ಲಿ ತಯಾರಾಗುತ್ತದೆ. 1937ರಲ್ಲಿ ಆರಂಭವಾಗಿ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರುಳ್ಳ ಸರ್ಕಾರಿ ಸಂಸ್ಥೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಬೆಳಕಿನಲ್ಲಿ ಕಪ್ಪಾಗುತ್ತದೆ. ಯಾವ ಸಾಬೂನಿಗೂ ಅದು ಹೋಗದು. ಚರ್ಮ, ಉಗುರುಗಳು ಹೊಸದಾಗಿ ಬೆಳೆದ ಮೇಲೆಯೇ ಮರೆಯಾಗುತ್ತದೆ. ಒಬ್ಬನಿಗೆ ಒಂದೇ ಮತ ಎಂಬ ನ್ಯಾಯವನ್ನು ಕಾಯುವ ಕಲೆ ಅದು.

ಕಲೆ ತೆಗೆಯುವ ಉತ್ಸಾಹದಲ್ಲಿ ಪ್ರಾಣಾಪಾಯವನ್ನು ಮರೆಯಬಾರದು. ಚಲುವೆ ಪುಡಿಯ ದ್ರಾವಣಕ್ಕೆ ಆಮ್ಲವನ್ನಾಗಲಿ, ಶೌಚಾಲಯ ತೊಳೆಯುವ ದ್ರವವನ್ನಾಗಲಿ ಎಂದಿಗೂ ಬೆರೆಸಕೂಡದು. ಬೆರೆಸಿದರೆ ಕ್ಲೋರಿನ್ ಅನಿಲ ಹೊರಬೀಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುವ ವಿಷ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಇದು ಮಾರಕವಾಗಬಹುದು. ಅಮೋನಿಯದೊಡನೆ ಸೇರಿಸುವುದೂ ಅಪಾಯಕರವೇ. ಗ್ರೀಸಿನ ಕಲೆಗೆ ಸೀಮೆಎಣ್ಣೆ, ಶಾಯಿಗೆ ಸ್ಪಿರಿಟ್ಟು ಬಳಸುವಾಗ ಒಲೆ, ದೀಪ, ಬೆಂಕಿಕಡ್ಡಿಗಳು ಹತ್ತಿರವಿರಬಾರದು. ಆ ಬಟ್ಟೆಯನ್ನು ಒಗೆದು, ಗಾಳಿಯಲ್ಲಿ ಒಣಗಿಸಿ, ವಾಸನೆ ಪೂರ್ತಿ ಹೋದ ಮೇಲೆಯೇ ಇಸ್ತ್ರಿ ಹಾಕಬೇಕು. ಇವೆಲ್ಲವನ್ನೂ ಮಕ್ಕಳ ಕೈಗೆ ಎಟುಕದಂತೆ, ಹೆಸರು ಬರೆದ ಸೀಸೆಗಳಲ್ಲಿ ಇಡತಕ್ಕದ್ದು. ಕುಡಿಯುವ ನೀರಿನ ಅಥವಾ ಪಾನಕದ ಸೀಸೆಯಲ್ಲಿ ತುಂಬಿಡುವುದು ಅವಘಡಕ್ಕೆ ಆಹ್ವಾನವಿತ್ತಂತೆ.

ಬಟ್ಟೆಯಿಂದ ಹೋದ ಕಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಬಚ್ಚಲಿನ ನೀರು ಚರಂಡಿಯನ್ನೂ ಚರಂಡಿಯ ನೀರು ಕೆರೆಯನ್ನೂ ಸೇರುತ್ತದೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ ಉಕ್ಕಿದ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಬಿದ್ದುದನ್ನು ದೇಶವೆಲ್ಲ ಕಂಡಿತು. ಶುದ್ಧೀಕರಿಸದೆ ಬಿಟ್ಟ ಕೊಳಚೆ ನೀರು, ಅದರಲ್ಲಿದ್ದ ಮಾರ್ಜಕಗಳು ಆ ನೊರೆಗೆ ಕಾರಣಗಳಲ್ಲಿ ಸೇರಿದ್ದುವು. ಒಂದು ಚಮಚ ಪುಡಿ ಸಾಕಾದಲ್ಲಿ ಮೂರು ಚಮಚ ಸುರಿದರೆ ಬಟ್ಟೆ ಮೂರುಪಟ್ಟು ಬಿಳಿಯಾಗುವುದಿಲ್ಲ. ಜಾಲಿಸಲು ಬೇಕಾಗುವ ನೀರು ಮಾತ್ರ ಹೆಚ್ಚುತ್ತದೆ. ಅಂಗಿಯ ಕಲೆಯನ್ನು ಕೆರೆಗೆ ವರ್ಗಾಯಿಸುವುದು ಶುಚಿತ್ವವೆನಿಸದು. ನಮ್ಮ ಊರುಗಳಲ್ಲಿ ಧಾರಾಳವಾಗಿ ದೊರೆಯುವ ಬಿಸಿಲು, ನಿಂಬೆ, ಅಂಟುವಾಳಗಳು ಅನೇಕ ಕಡೆ ಸಾಕಾಗುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಕೆಲಸ ಯಾರದು? ಬಹುಪಾಲು ಮನೆಗಳಲ್ಲಿ ಕಲೆ ಮಾಡುವವರು ಹಲವರು, ತೆಗೆಯುವವರು ತಾಯಿ ಒಬ್ಬರೇ. ಶಾಯಿ ಚೆಲ್ಲಿದ ಮಗ ಅಂಗಿಯನ್ನು ಬಚ್ಚಲಿನ ಮೂಲೆಗೆ ಎಸೆದು ಆಟಕ್ಕೆ ಓಡುತ್ತಾನೆ. ತಾಯಿ ಅದನ್ನು ನೋಡುವ ಹೊತ್ತಿಗೆ ಕಲೆ ಒಣಗಿ ನಿಂತಿರುತ್ತದೆ. ಆಗಲೇ ಒಂದು ತಂಬಿಗೆ ತಣ್ಣೀರು ಹಾಯಿಸಿದ್ದರೆ ಅವಳ ಅರ್ಧ ಗಂಟೆಯ ದುಡಿಮೆ ಉಳಿಯುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನಾಗಲಿ ಹುಡುಗಿಯಾಗಲಿ ತನ್ನ ಬಟ್ಟೆಯ ಕಲೆಯನ್ನು ತಾನೇ ತೆಗೆಯಲು ಕಲಿತರೆ ಮನೆಯ ಭಾರ ಹಗುರವಾಗುತ್ತದೆ, ಬಟ್ಟೆಯ ಬಾಳು ಹೆಚ್ಚುತ್ತದೆ. ರಸಾಯನಶಾಸ್ತ್ರದ ಪಾಠವೂ ಪುಸ್ತಕದಿಂದಿಳಿದು ಬಚ್ಚಲುಕಲ್ಲಿನ ಬಳಿ ಬಂದು ನಿಲ್ಲುತ್ತದೆ.

ಅಭ್ಯಾಸ

೧. ಕೊಳೆಗೂ ಕಲೆಗೂ ಇರುವ ವ್ಯತ್ಯಾಸವೇನು?
೨. ರಕ್ತದ ಕಲೆಗೆ ಬಿಸಿನೀರನ್ನು ಏಕೆ ಬಳಸಬಾರದು?
೩. ಅರಿಶಿನದ ಕಲೆ ಸಾಬೂನಿನಿಂದ ಕೆಂಪಾಗಲು ಕಾರಣವೇನು? ಅದನ್ನು ತೆಗೆಯುವ ಬಗೆಯನ್ನು ವಿವರಿಸಿರಿ.
೪. ‘ಎಲ್ಲ ಕಲೆಗಳೂ ತೊಲಗಬೇಕಾದುವಲ್ಲ’ ಎಂಬ ಮಾತನ್ನು ಎರಡು ಉದಾಹರಣೆಗಳೊಡನೆ ಸಮರ್ಥಿಸಿರಿ.
೫. ನಿಮ್ಮ ಮನೆಯ ಹಿರಿಯರು ಯಾವ ಯಾವ ಕಲೆಗಳಿಗೆ ಏನೇನು ಬಳಸುತ್ತಾರೆಂಬುದನ್ನು ಕೇಳಿ ತಿಳಿದು, ಒಂದು ಪಟ್ಟಿಯನ್ನು ತಯಾರಿಸಿರಿ.